ಅನುಪಾಲನಾ ವರದಿ ಓದುವವರಿಗೆ ಮತ

ಬಾಗಲಕೋಟೆ ಜಿಲ್ಲಾ ಪಂಚಾಯಿತಿಗೆ ಕಡೆಯ ಸಲ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಬೀಳಗಿ ಸೀಮೆಯಿಂದ ಗೆದ್ದು ನವನಗರದ ಜಿಲ್ಲಾ ಪಂಚಾಯಿತಿ ಭವನದ ಮೆಟ್ಟಿಲು ಹತ್ತಿದವರಲ್ಲಿ ನಾನೂ ಒಬ್ಬಳು. 2021ರಲ್ಲಿ ನಮ್ಮ ಅವಧಿ ಮುಗಿಯಿತು. ಅದಾದ ಮೇಲೆ ಚುನಾವಣೆಯೂ ಇಲ್ಲ, ಸದಸ್ಯರೂ ಇಲ್ಲ. ಆಡಳಿತಾಧಿಕಾರಿಗಳ ಕೈಯಲ್ಲೇ ಎಲ್ಲ ನಡೆದಿದೆ. ಊರ ಜಾತ್ರೆಯ ಬ್ಯಾನರಿನಲ್ಲಿ ನನ್ನ ಹೆಸರಿನ ಕೆಳಗೆ ‘ಮಾಜಿ’ ಬಂದು ಕೂತಿತು. ಫೋನು ಬರುವುದು ಮಾತ್ರ ನಿಂತಿಲ್ಲ. “ಅಕ್ಕಾರ, ಮುಂದಿನ ಸಲಾನೂ ನಿಲ್ತೀರಿಲ್ಲೋ?” ಎಂದು ಶುರುವಾದ ಮಾತು ನಿಮಿಷದೊಳಗೆ ನಳದ ನೀರಿಗೋ, ಕಿತ್ತುಹೋದ ರಸ್ತೆಗೋ, ನಿಂತುಹೋದ ವಿಧವಾ ವೇತನಕ್ಕೋ ತಿರುಗುತ್ತದೆ.

ನಿಲ್ಲಬೇಕು ಎಂದೇ ಇದ್ದೇನೆ. ಆದರೆ ಏನನ್ನು ಮುಂದಿಟ್ಟು ನಿಲ್ಲಬೇಕು ಎಂಬುದರಲ್ಲಿ ನನಗೂ ನನ್ನ ಜೊತೆ ಓಡಾಡುವ ಹುಡುಗರಿಗೂ ಹೊಂದಾಣಿಕೆ ಇಲ್ಲ. ಮೊದಲ ಸಲ ಹಂಚಿದ ಕರಪತ್ರವನ್ನೇ ಮತ್ತೆ ಅಚ್ಚು ಹಾಕಿಸೋಣ ಅನ್ನುತ್ತಾರೆ ಅವರು: ಸಿಸಿ ರಸ್ತೆ, ಸಮುದಾಯ ಭವನ, ಹೈಮಾಸ್ಟ್ ದೀಪ. ಒಂದು ಅವಧಿ ಒಳಗೆ ಕೂತು ನೋಡಿದವಳಿಗೆ ಆ ಕರಪತ್ರ ಈಗ ಬೇರೆ ಯಾರದೋ ಅನ್ನಿಸುತ್ತದೆ.

ಮೊದಲು ದುಡ್ಡಿನ ಮಾತು. ಜಿಲ್ಲಾ ಪಂಚಾಯಿತಿಯ ಬಜೆಟ್ಟಿನ ಗಾತ್ರವನ್ನು ಪತ್ರಿಕೆಯಲ್ಲಿ ಓದಿದವರು ಸದಸ್ಯರ ಕೈಯಲ್ಲೂ ಅದರ ಒಂದು ಪಾಲು ಇರುತ್ತದೆ ಅಂದುಕೊಳ್ಳುತ್ತಾರೆ. ಅದರಲ್ಲಿ ದೊಡ್ಡ ಭಾಗ ಸಂಬಳಕ್ಕೆ ಹೋಗುತ್ತದೆ. ಉಳಿದದ್ದು ಬೆಂಗಳೂರಿನವರು, ದಿಲ್ಲಿಯವರು ಯಾವ ಲೆಕ್ಕಶೀರ್ಷಿಕೆಗೆ ಕಟ್ಟಿ ಕಳಿಸುತ್ತಾರೋ ಅದಕ್ಕೇ ಖರ್ಚಾಗಬೇಕು. ನಮ್ಮ ಅವಧಿಗೆ ಇನ್ನೊಂದು ಪೆಟ್ಟೂ ಬಿತ್ತು. 2015ರಿಂದ 2020ರವರೆಗಿನ 14ನೇ ಹಣಕಾಸು ಆಯೋಗದ ಅನುದಾನ ಗ್ರಾಮ ಪಂಚಾಯಿತಿಗಳಿಗೆ ಮಾತ್ರ ಬಂತು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ಸೊನ್ನೆ. 15ನೇ ಆಯೋಗ ಮತ್ತೆ ಮೂರೂ ಹಂತಕ್ಕೆ ಪಾಲು ಕೊಡುವ ಹೊತ್ತಿಗೆ ನಾವು ಕುರ್ಚಿ ಬಿಡುವ ಕಾಲ ಬಂದಿತ್ತು. “ನಿಮ್ಮ ಅನುದಾನ ಎಷ್ಟ್ರೀ?” ಎಂದು ಗ್ರಾಮ ಪಂಚಾಯಿತಿ ಅಧ್ಯಕ್ಷರು ಮೀಸೆಯಡಿಯಲ್ಲಿ ನಗುತ್ತ ಕೇಳುತ್ತಿದ್ದರು.

ದುಡ್ಡಿಲ್ಲದ ಸದಸ್ಯೆಗೆ ಉಳಿಯುವುದು ಪ್ರಶ್ನೆ ಕೇಳುವ ಅಧಿಕಾರ. ಅದು ಸಣ್ಣದಲ್ಲ ಎಂದು ತಿಳಿಯಲು ನನಗೆ ಸಮಯ ಹಿಡಿಯಿತು. ಸಾಮಾನ್ಯ ಸಭೆಯಲ್ಲಿ ಮೇಜು ಕುಟ್ಟಿದರೆ ಮರುದಿನ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಕೆಲಸ ಆಗುವುದಿಲ್ಲ. ಕೆಲಸ ಆಗುವುದು ಸ್ಥಾಯಿ ಸಮಿತಿಗಳಲ್ಲಿ. ಜಿಲ್ಲಾ ಪಂಚಾಯಿತಿಗೆ ಅಂಥವು ಐದು ಇವೆ. ಅಲ್ಲಿ ಪತ್ರಕರ್ತರು ಕಡಿಮೆ, ಸದಸ್ಯರು ಇನ್ನೂ ಕಡಿಮೆ. ಎಂಜಿನಿಯರು ಕಡತ ಹಿಡಿದು ಎದುರಿಗೇ ಕೂತಿರುತ್ತಾರೆ. ಪ್ರತಿ ಸಭೆಗೆ ಹಿಂದಿನ ಸಭೆಯ ಅನುಪಾಲನಾ ವರದಿ ಬರುತ್ತದೆ: ಯಾರು ಏನು ಕೇಳಿದ್ದರು, ಇಲಾಖೆ ಏನು ಮಾಡಿತು ಎಂಬ ಪಟ್ಟಿ. ಬಲಗಡೆಯ ಕಾಲಮ್ಮಿನಲ್ಲಿ ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಒಂದೇ ಸಾಲು ಮೇಲಿಂದ ಕೆಳತನಕ ಇಳಿದಿರುತ್ತದೆ. ಅದನ್ನು ಓದದೆ ಸಹಿ ಹಾಕಿ ಚಹಾ ಕುಡಿದು ಬರುವವರೇ ಬಹಳ. ಆ ಸಾಲಿನ ಮೇಲೆ ಬೆರಳಿಟ್ಟು ‘ಯಾವ ಕ್ರಮ, ಯಾವ ತಾರೀಖು’ ಎಂದು ಕೇಳಿದರೆ ಮುಂದಿನ ಸಭೆಗೆ ಅಲ್ಲೊಂದು ತಾರೀಖು ಬರುತ್ತದೆ. ಮತ್ತೂ ಕೇಳಿದರೆ ಒಂದು ಮೊತ್ತ. ಮೂರನೆಯ ಸಲಕ್ಕೆ ಗುತ್ತಿಗೆದಾರನ ಹೆಸರು. ಅದರ ಬೆನ್ನಿಗೆ ಯಾರೋ ದೊಡ್ಡವರ ಫೋನೂ ಬರುತ್ತದೆ, ಆ ಮಾತು ಬೇರೆ.

ಹಾಗಾಗಿ ನನ್ನ ಮೊದಲ ಕೆಲಸ ಹೊಸ ಕಾಮಗಾರಿಯಲ್ಲ, ಹಳೆಯದರ ದುರಸ್ತಿ. ಶುದ್ಧ ಕುಡಿಯುವ ನೀರಿನ ಘಟಕಗಳನ್ನೇ ನೋಡಿ. ರಿಬ್ಬನ್ ಕತ್ತರಿಸಲು ಎಲ್ಲ ಪಕ್ಷದವರೂ ಬಂದಿದ್ದರು. ಒಳಗಿನ ಮೆಂಬ್ರೇನು ಕೆಟ್ಟು ಬಾಗಿಲಿಗೆ ಬೀಗ ಬಿದ್ದಾಗ ನಿರ್ವಹಣೆ ಗುತ್ತಿಗೆದಾರನದೋ, ಇಲಾಖೆಯದೋ, ಗ್ರಾಮ ಪಂಚಾಯಿತಿಯದೋ ಎಂದು ತೀರ್ಮಾನವಾಗುವಷ್ಟರಲ್ಲಿ ಬ್ಯಾಸಿಗಿ ಮುಗಿದಿರುತ್ತದೆ. 2019ರಲ್ಲಿ ಜಲ ಜೀವನ ಮಿಷನ್ ಬಂತು. ತಲೆಗೆ ದಿನಕ್ಕೆ 55 ಲೀಟರ್ ನೀರು, ಮನೆಮನೆಗೆ ನಳ. ಯೋಜನೆ ಒಳ್ಳೆಯದೇ. ಆದರೆ ಪೈಪು ಹಾಕಲು ಅಗೆದ ಸಿಸಿ ರಸ್ತೆಯನ್ನು ಮೊದಲಿನಂತೆ ಮುಚ್ಚಿಸುವುದು ಯಾರ ಜವಾಬ್ದಾರಿ ಎಂದು ಓಣಿಯ ಹೆಂಗಸರು ಕೇಳಿದಾಗ ಉತ್ತರ ಕೊಡುವವರು ಒಬ್ಬರೂ ಇಲ್ಲ. ಕೃಷ್ಣೆ ಒಂದು ಮಗ್ಗುಲಿಗೆ, ಘಟಪ್ರಭೆ ಇನ್ನೊಂದು ಮಗ್ಗುಲಿಗೆ, ಆಲಮಟ್ಟಿಯ ಹಿನ್ನೀರು ಹೊಲದ ಬದುವಿನವರೆಗೆ. ಇಂಥ ತಾಲ್ಲೂಕಿನಲ್ಲಿ ಕೊಡ ಹಿಡಿದು ನಿಲ್ಲುವುದೆಂದರೆ ಹೊರಗಿನವರು ನಂಬುವುದಿಲ್ಲ.

ಮುಳುಗಡೆಯ ಮಾತಿಲ್ಲದೆ ನಮ್ಮ ಕಡೆ ಯಾವ ಚುನಾವಣೆಯೂ ನಡೆಯುವುದಿಲ್ಲ. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. 2010ರ ಡಿಸೆಂಬರ್‌ನಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ ಅದನ್ನು 524.256 ಮೀಟರ್‌ಗೆ ಏರಿಸಬಹುದೆಂದಿತು. ಅಂದಿನಿಂದ ಎಷ್ಟೋ ಊರಿನವರು ಮನೆಗೆ ಸುಣ್ಣ ಬಳಿಯುವ ಮುನ್ನ ಎರಡು ಸಲ ಯೋಚಿಸುತ್ತಾರೆ. ಮಗಳ ಲಗ್ನಕ್ಕೆ ಹೊಲ ಮಾರೋಣವೆಂದರೆ ಕೊಳ್ಳುವವನು ಪರಿಹಾರದ ದರ ನೋಡುತ್ತಾನೆ. 2025ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ಆ ವಾರ ನನಗೆ ಬಂದ ಫೋನುಗಳಲ್ಲಿ ಒಂದೇ ಪ್ರಶ್ನೆ: “ರೊಕ್ಕ ಯಾವಾಗ ಬರ್ತೈತ್ರಿ?”

ಇಲ್ಲಿ ಜಿಲ್ಲಾ ಪಂಚಾಯಿತಿ ಸದಸ್ಯೆಯ ಅಧಿಕಾರ ಏನೂ ಇಲ್ಲ. ಭೂಸ್ವಾಧೀನ ಬೇರೆ ಕಚೇರಿಯದು, ನಿರ್ಧಾರ ಬೆಂಗಳೂರಿನದು, ನ್ಯಾಯಮಂಡಳಿಯ ತೀರ್ಪಿನ ಗೆಜೆಟ್ ಅಧಿಸೂಚನೆ ಕೇಂದ್ರದ್ದು. ಕಬ್ಬಿನ ದರವೂ ಹಾಗೆಯೇ. 2025ರ ನವೆಂಬರ್‌ನಲ್ಲಿ ಮುಧೋಳ ಭಾಗದಲ್ಲಿ ದರಕ್ಕಾಗಿ ಹೋರಾಟ ಕಾವೇರಿದಾಗ ನಮ್ಮಂಥವರೂ ವೇದಿಕೆ ಹತ್ತಿ ಮಾತಾಡಿದ್ದುಂಟು. ಕಬ್ಬಿನ ಕನಿಷ್ಠ ದರವಾದ ಎಫ್‌ಆರ್‌ಪಿ ನಿಗದಿ ಮಾಡುವುದು ಕೇಂದ್ರ ಸರ್ಕಾರ ಎಂದು ಅಲ್ಲಿ ಹೇಳಿದರೆ ಚಪ್ಪಾಳೆ ಬೀಳುವುದಿಲ್ಲ. ‘ಮಾಡಿಸಿಕೊಡ್ತೀನಿ’ ಎಂಬ ಮಾತಿಗೆ ಮತ ಬೀಳುತ್ತದೆ, ‘ಅದು ನನ್ನ ಕೈಯಾಗಿಲ್ಲ’ ಎಂಬುದಕ್ಕೆ ಬೀಳುವುದಿಲ್ಲ ಎಂದು ಹಿರಿಯ ರಾಜಕಾರಣಿಗಳು ಬುದ್ಧಿ ಹೇಳಿದ್ದಾರೆ. ನಾನು ಕಂಡದ್ದು ಪೂರ್ತಿ ಹಾಗಿಲ್ಲ. ಪುನರ್ವಸತಿ ಕೇಂದ್ರದ ಜನ ಭರವಸೆ ಕೇಳಿ ಕೇಳಿ ಹಣ್ಣಾದವರು. ಅವರ ಮುಂದೆ ಕೂತು, ಅಣೆಕಟ್ಟಿನ ಎತ್ತರದ ಮಾತು ಬಿಡಿ, ಇಲ್ಲಿ ನಿಮ್ಮ ಪ್ಲಾಟಿನ ಹಕ್ಕುಪತ್ರ ಆಗಿದೆಯೋ ಇಲ್ಲವೋ, ಗಟಾರು, ಅಂಗನವಾಡಿ, ಸ್ಮಶಾನದ ಜಾಗ ಏನಾಗಿದೆ ಎಂದು ಕೇಳಿದಾಗ ಅವರ ಮಾತಿನ ಧಾಟಿಯೇ ಬದಲಾಗುತ್ತದೆ. ಊರು ಸ್ಥಳಾಂತರವಾಗಿ ದಶಕ ಕಳೆದರೂ ಹೆಣ ಹೂಳಲು ಜಾಗ ಗುರುತಾಗದ ಜನರಿಗೆ ಎಕರೆಗೆ 40 ಲಕ್ಷದ ಸುದ್ದಿ ಯಾವ ಸಮಾಧಾನ ಕೊಟ್ಟೀತು?

ರಸ್ತೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು ಓಡಾಡುವ ಹಳ್ಳಿಯ ರಸ್ತೆ ಎಷ್ಟು ಡಾಂಬರು ಸುರಿದರೂ ಉಳಿಯದು. ಕಾರ್ಖಾನೆಗಳ ಪಾಲಿನ ಹಣದಿಂದ ಅದರ ದುರಸ್ತಿ ಆಗಬೇಕು. ಇದನ್ನು ಕೇಳಲು ಹೊರಟ ಅಭ್ಯರ್ಥಿಗೆ ಚುನಾವಣೆಯ ಖರ್ಚು ಎಲ್ಲಿಂದ ಬಂತೆಂದು ಮೊದಲು ನೋಡಿಕೊಳ್ಳಿ.

ಹೆಂಗಸರ ಸೀಟಿನ ಮಾತೂ ಅಷ್ಟೇ ನೇರವಾಗಿ ಹೇಳಬೇಕು. ಮೀಸಲಾತಿಯಿಂದ ನಾವು ಒಳಗೆ ಹೋದೆವು. ಜಿಲ್ಲಾ ಪಂಚಾಯಿತಿಯ ಹಿಂದಿನ ರೂಪವಾದ 1987ರ ಜಿಲ್ಲಾ ಪರಿಷತ್ತಿನಲ್ಲಿ ಮಹಿಳೆಯರಿಗೆ ಶೇ 25 ಇದ್ದ ಪಾಲು ಈಗ ಶೇ 50. ಆದರೆ ಸಭೆಯ ಹೊರಗಿನ ಕಾರಿಡಾರಿನಲ್ಲಿ ಗಂಡಂದಿರ ಇನ್ನೊಂದು ಸಭೆ ನಡೆದೇ ಇರುತ್ತದೆ. ಅಧಿಕಾರಿಗಳಿಗೂ ಅದೇ ಅನುಕೂಲ. ‘ಸಾಹೇಬ್ರಿಗೆ ಹೇಳೀನ್ರಿ ಮೇಡಂ’ ಅನ್ನುತ್ತಾರೆ. ಸಾಹೇಬರು ಯಾರು? ಮತ ಬಿದ್ದದ್ದು ನನಗೆ. ನನ್ನ ಫೋನು ನನ್ನ ಕೈಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಜಗಳವಾಡಿ ಗೆದ್ದದ್ದು ಚುನಾವಣೆ ಗೆದ್ದದ್ದಕ್ಕಿಂತ ಕಷ್ಟದ ಕೆಲಸವಾಗಿತ್ತು. ತಾಂಡಾದ ಹೆಣ್ಣುಮಕ್ಕಳು, ದುಡಿಯಲು ಗೋವಾ, ಮಂಗಳೂರಿಗೆ ಹೋದವರು ಅಲ್ಲಿಂದಲೇ ಫೋನ್ ಮಾಡಿ, ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟ ಮಗು ಶಾಲೆಗೆ ಹೋಗುತ್ತಿದೆಯೇ ನೋಡ್ರಿ ಅಂದರು. ಆ ಕರೆ ಗಂಡನ ಫೋನಿಗೆ ಬರುತ್ತಿರಲಿಲ್ಲ.

ಇಷ್ಟೆಲ್ಲ ಯೋಚಿಸಿದರೂ ನಾನು ನಿಲ್ಲುವ ಕ್ಷೇತ್ರ ಯಾವುದು? ವಿಧಾನಸಭೆಯ ಸದಸ್ಯರಿಗೆ ಈ ಚಿಂತೆ ಗೊತ್ತಿಲ್ಲ. ನಮ್ಮಲ್ಲಿ ಮೀಸಲಾತಿ ಸರದಿಯಲ್ಲಿ ತಿರುಗುತ್ತದೆ, ಜೊತೆಗೆ ಕ್ಷೇತ್ರ ಮರುವಿಂಗಡಣೆ ಆಗಿ ಹಳ್ಳಿಗಳು ಅತ್ತಿತ್ತ ಸೇರಿವೆ. ಗೆದ್ದ ಕ್ಷೇತ್ರದಲ್ಲೇ ಮತ್ತೆ ಮತ ಕೇಳುವ ಅದೃಷ್ಟ ಕೆಲವರಿಗಷ್ಟೇ. ಹೇಗೂ ನನ್ನ ಪಾಲಿಗೆ ಬರುವುದಿಲ್ಲವೆಂದು ಕಡೆಯ ವರ್ಷ ಕೈಚೆಲ್ಲಿ ಕೂತ ಸದಸ್ಯರನ್ನು ಎಲ್ಲ ಪಕ್ಷದಲ್ಲೂ ಕಂಡಿದ್ದೇನೆ. ಸರದಿಯ ನ್ಯಾಯವನ್ನು ನಾನು ಒಪ್ಪುತ್ತೇನೆ, ಅದರಿಂದಲೇ ಬಂದವಳು. ಮತದಾರರಿಗೆ ಉತ್ತರ ಕೊಡುವ ಭಯ ಹೋಗಿಬಿಡುವುದು ಅದರ ಬೆಲೆ. ಇನ್ನು ಬಿ-ಫಾರ್ಮು. ಗ್ರಾಮ ಪಂಚಾಯಿತಿಯಂತೆ ಇದು ಪಕ್ಷರಹಿತವಲ್ಲ. ಶಾಸಕರ ಮುಖ ನೋಡಿ ಟಿಕೆಟು. ಕೆಲಸ ಕಲಿತ ಜಿಲ್ಲಾ ಪಂಚಾಯಿತಿ ಸದಸ್ಯ ನಾಳೆ ತನ್ನ ಸೀಟಿಗೇ ಟವೆಲ್ ಹಾಕಿಯಾನು ಎಂಬ ಅನುಮಾನ ಯಾವ ಶಾಸಕರಿಗೆ ಇರುವುದಿಲ್ಲ?

ಈ ಜಿಲ್ಲೆಯ ಮತದಾರರ ಲೆಕ್ಕ ಮಾತ್ರ ದೊಡ್ಡವರಿಗೆ ಸುಲಭಕ್ಕೆ ಸಿಕ್ಕಿಲ್ಲ. 1987ರಲ್ಲಿ ಜಿಲ್ಲಾ ಪರಿಷತ್ತಿಗೆ ನಿಜವಾದ ಅಧಿಕಾರ ಕೊಟ್ಟ ಸರ್ಕಾರ ರಾಮಕೃಷ್ಣ ಹೆಗಡೆಯವರದು, ಅದನ್ನು ಕಟ್ಟಿದವರು ಅವರ ಸಂಪುಟದ ಸಚಿವ ಅಬ್ದುಲ್ ನಜೀರ್ ಸಾಬ್. ಅದೇ ಹೆಗಡೆಯವರು 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತಾಗ ಸೋತರು. ಸೋಲಿಸಿದವರು ಜಮಖಂಡಿಯ ಸಿದ್ದು ನ್ಯಾಮಗೌಡ. ಅದಕ್ಕೂ ಮೊದಲು, 1989ರಲ್ಲಿ, ಚಿಕ್ಕಪಡಸಲಗಿಯ ಹತ್ತಿರ ರೈತರು ತಮ್ಮದೇ ದುಡ್ಡು, ತಮ್ಮದೇ ಬೆವರು ಹಾಕಿ ಕೃಷ್ಣೆಗೆ ಬ್ಯಾರೇಜು ಕಟ್ಟಿದಾಗ ಮುಂದೆ ನಿಂತವರು ಈ ನ್ಯಾಮಗೌಡರು. ನಾಡಿನ ಮಾಜಿ ಮುಖ್ಯಮಂತ್ರಿಗಿಂತ ಹೊಲಕ್ಕೆ ನೀರು ತಂದವನು ಹತ್ತಿರದವನೆಂದು ಜನ ಅಂದು ತೀರ್ಮಾನಿಸಿದರು. ಹೆಗಡೆಯವರ ಬಗ್ಗೆ ನನಗೆ ಗೌರವವಿದೆ; ಅವರ ಕಾನೂನಿಲ್ಲದೆ ನಾನು ಆ ಭವನದ ಒಳಗೆ ಹೋಗುತ್ತಿರಲಿಲ್ಲ. ಆದರೂ ಜನರ ಆ ತೀರ್ಮಾನ ನನಗೆ ಅರ್ಥವಾಗುತ್ತದೆ.

ಅಂಥ ತೀರ್ಮಾನ ಹೇಳಲು ಜನರಿಗೆ ಚುನಾವಣೆಯಾದರೂ ಬೇಕಲ್ಲ. ಸಂವಿಧಾನದ 243ಇ ವಿಧಿ ಪಂಚಾಯಿತಿಯ ಅವಧಿ ಮುಗಿಯುವ ಮುನ್ನವೇ ಮುಂದಿನ ಚುನಾವಣೆ ಮುಗಿದಿರಬೇಕು ಅನ್ನುತ್ತದೆ. ಆದರೆ 2021ರಲ್ಲಿ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಹಿಂಪಡೆದು ಬೇರೆ ಆಯೋಗಕ್ಕೆ ಕೊಟ್ಟರು. ವಿಳಂಬಕ್ಕೆ 2022ರ ಡಿಸೆಂಬರ್‌ನಲ್ಲಿ ಹೈಕೋರ್ಟು ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿತು. ಸರ್ಕಾರ ನಡೆಸುವ ಪಕ್ಷ ಬದಲಾಯಿತು, ವಿಳಂಬ ಬದಲಾಗಲಿಲ್ಲ. ಈ ಒಂದು ವಿಷಯದಲ್ಲಿ ಎಲ್ಲ ಪಕ್ಷಗಳದೂ ಒಂದೇ ಪ್ರಣಾಳಿಕೆ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಚುನಾವಣೆ ಯಾವಾಗಲಾದರೂ ಬರಲಿ, ನಿಮ್ಮ ಬಾಗಿಲಿಗೆ ನನ್ನಂಥ ಮಾಜಿಗಳು ಬಂದರೆ ರಸ್ತೆ, ಭವನದ ಮಾತು ಆಮೇಲೆ ಆಡಿ. ಯಾವ ಸ್ಥಾಯಿ ಸಮಿತಿಯಲ್ಲಿದ್ದಿರಿ, ನಮ್ಮೂರಿನ ಯಾವ ವಿಷಯ ಎತ್ತಿದಿರಿ, ಅದರ ಅನುಪಾಲನಾ ವರದಿಯಲ್ಲಿ ಏನು ಬರೆದಿತ್ತು ಎಂದು ಮೊದಲು ಕೇಳಿ. ನಡಾವಳಿ ಸರ್ಕಾರಿ ದಾಖಲೆ; ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ಅರ್ಜಿ ಹಾಕಿ ಅದನ್ನು ತರಿಸಬಹುದು. ನನ್ನದನ್ನೂ ತರಿಸಿ ನೋಡಿ, ಆಮೇಲೆ ಮತ ಹಾಕಿ.