ದಾರಿ ಬಲ್ಲವರೇ ತಿದ್ದಬೇಕಾದ ನಕ್ಷೆ

ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಹಾಕಿಕೊಂಡು ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯ ದಾರಿಗಳಲ್ಲಿ ಬಳಸುತ್ತ ಬಂದ ಮೇಲೆ ನನಗೆ ಖಚಿತವಾದ ಮಾತು ಒಂದೇ. ಈ ನಕ್ಷೆ ಪುಕ್ಕಟೆ ಸಿಗುತ್ತದೆ ಎಂಬುದು ಸಣ್ಣ ಲಾಭ; ದಾರಿ ಬಲ್ಲವರು ಅದನ್ನು ತಾವೇ ತಿದ್ದಬಹುದು ಎಂಬುದು ದೊಡ್ಡದು. ಮೊದಲನೆಯ ಲಾಭವನ್ನಷ್ಟೇ ಪಡೆದು ಎರಡನೆಯದನ್ನು ಬಿಟ್ಟರೆ ನಕ್ಷೆ ನಮ್ಮ ಭಾಗದಲ್ಲಿ ಅರೆಬರೆಯಾಗಿಯೇ ಉಳಿಯುತ್ತದೆ. ಕಾರಣ ಈ ನಕ್ಷೆ ಹುಟ್ಟಿದ ಬಗೆಯಲ್ಲೇ ಇದೆ. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಆವರೆಗೆ ನೂರು ಮೀಟರ್‌ನಷ್ಟು ಆಚೀಚೆ ತೋರುತ್ತಿದ್ದ ಸಾಮಾನ್ಯರ ಸಾಧನ ಕೆಲವೇ ಮೀಟರ್ ಅಂತರಕ್ಕೆ ಬಂತು. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಓಪನ್‌ಸ್ಟ್ರೀಟ್‌ಮ್ಯಾಪ್ ಶುರು ಮಾಡಲು ಸಾಧ್ಯವಾದದ್ದೂ ಇದರಿಂದಲೇ. ಜನ ನಡೆದ ದಾರಿಯ ಗೆರೆಗಳನ್ನೇ ಕೂಡಿಸಿ ನಕ್ಷೆ ಮಾಡುವುದು ಅದರ ಮೂಲ ವಿಚಾರ. ಅಂದಮೇಲೆ ಯಾರೂ ನಡೆದು ದಾಖಲಿಸದ, ಯಾರೂ ಗುರುತು ಹಾಕದ ಊರು ಅದರಲ್ಲಿ ಇರುವುದೂ ಇಲ್ಲ.

ನಮ್ಮ ಸೀಮೆಯಲ್ಲಿ ಈ ಕೊರತೆ ಎದ್ದು ಕಾಣುವುದಕ್ಕೆ ನೆಲದ್ದೇ ಕಾರಣವಿದೆ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲಿ ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗ ಕಡೆ ನಾರಾಯಣಪುರ ಬಲದಂಡೆ ಕಾಲುವೆ ಹರಿಯುತ್ತವೆ. ಕಾಲುವೆ ಬಂದಲ್ಲೆಲ್ಲ ಉಪಕಾಲುವೆ, ದಂಡೆಯ ಮೇಲೊಂದು ದಾರಿ, ಅಲ್ಲಲ್ಲಿ ಕಿರುಸೇತುವೆ. ನೀರಾವರಿ ಬಂದ ಮೇಲೆ ನೆಲೆಗೊಂಡ ಕ್ಯಾಂಪುಗಳು ಒಂದು ಕಡೆ, ದೇವದುರ್ಗದ ದೊಡ್ಡಿಗಳು, ತಾಂಡಾಗಳು ಇನ್ನೊಂದು ಕಡೆ. ಇವುಗಳಲ್ಲಿ ಬಹಳಷ್ಟು ಕಂದಾಯ ಗ್ರಾಮಗಳಲ್ಲದ ಕಾರಣ ಹಳೆಯ ಅಧಿಕೃತ ಪಟ್ಟಿಗಳಲ್ಲಿ ಸೇರಿರಲಿಲ್ಲ. ಉಪಗ್ರಹ ಚಿತ್ರ ನೋಡಿ ದೂರದಲ್ಲಿ ಕುಳಿತು ಗೆರೆ ಎಳೆಯುವವರಿಗೆ ಮನೆಗಳ ಗುಂಪು ಕಾಣುತ್ತದೆ, ಅದರ ಹೆಸರು ಕಾಣುವುದಿಲ್ಲ. ದಾರಿ ಕಾಣುತ್ತದೆ, ಅದು ಯರಿ (ಕಪ್ಪು) ಮಣ್ಣಿನದೋ ಮಸಾರಿ (ಕೆಂಪು) ಮಣ್ಣಿನದೋ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಎರಡೂ ಒಂದೇ ಥರ ಗಟ್ಟಿ. ಒಂದು ಮಳೆ ಬಿದ್ದರೆ ಯರಿ ಹೊಲದ ಬಂಡಿದಾರಿಯಲ್ಲಿ ಬೈಕಿನ ಗಾಲಿ ತಿರುಗದು. ಈ ವ್ಯತ್ಯಾಸ ಬರೆಯಲು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಜಾಗ ಇದೆ. ದಾರಿಯ ಮೇಲ್ಮೈ ಎಂಥದು, ಹಳ್ಳ ದಾಟಲು ಸೇತುವೆ ಇದೆಯೋ ನೀರಿನಲ್ಲೇ ಇಳಿಯಬೇಕೋ, ಮುಳುಗುವ ದಾರಿಯೋ ಎಂದು ಗುರುತು ಹಾಕಬಹುದು. ಕೃಷ್ಣೆಗೆ ಭಾರಿ ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗಿ ಶಹಾಪುರ, ಕಲಬುರಗಿ ಕಡೆಯ ಸಂಚಾರ ನಿಲ್ಲುವುದು ಈ ಭಾಗದವರಿಗೆಲ್ಲ ಗೊತ್ತು. 2019ರ ಆಗಸ್ಟ್‌ನಲ್ಲೂ ಹಾಗೇ ಆಯಿತು. ಆದರೆ ಯಾರಾದರೂ ಬರೆಯದ ಹೊರತು ನಕ್ಷೆಗೆ ಅದು ಗೊತ್ತಾಗುವ ದಾರಿಯೇ ಇಲ್ಲ.

ಸಾಧನದೊಳಗೆ ನಕ್ಷೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯದೆ ಅದರ ತಪ್ಪು ಅರ್ಥವಾಗುವುದಿಲ್ಲ. ಗಾರ್ಮಿನ್ ಕಂಪನಿಯ ಜಿಪಿಎಸ್ ಸಾಧನಗಳು ತಮ್ಮದೇ ರೂಪದ ಕಡತವನ್ನಷ್ಟೇ ಓದುತ್ತವೆ. ಎಂಕೆಜಿಮ್ಯಾಪ್ ಎಂಬ ಉಚಿತ ತಂತ್ರಾಂಶ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ಆ ರೂಪಕ್ಕೆ ತರುತ್ತದೆ. ಆ ಕಡತವನ್ನು ಮೆಮೊರಿ ಕಾರ್ಡಿನ ಗಾರ್ಮಿನ್ ಫೋಲ್ಡರಿನಲ್ಲಿ ಇಟ್ಟರೆ ಆಯಿತು. ಕಡತ ತಯಾರಾದ ದಿನಕ್ಕೆ ನಕ್ಷೆ ಅಲ್ಲಿಗೇ ನಿಂತಿತು. ಆಮೇಲೆ ಯಾರು ಏನೇ ತಿದ್ದಿದರೂ ಹೊಸ ಕಡತ ಹಾಕುವ ತನಕ ಅದು ನಮ್ಮ ಕೈಗೆ ಬಾರದು. ದಾರಿ ಲೆಕ್ಕ ಹಾಕುವ ಬಗೆಯೂ ಹಾಗೇ ಕಟ್ಟುನಿಟ್ಟು. ಊರ ರಸ್ತೆಯೂ ಕಾಲುವೆ ದಂಡೆಯ ದಾರಿಯೂ ಪರದೆಯ ಮೇಲೆ ಒಂದನ್ನೊಂದು ಮುಟ್ಟಿದಂತೆ ಕಾಣಬಹುದು. ಆದರೆ ಎರಡೂ ಗೆರೆಗಳಿಗೆ ಸಾಮಾನ್ಯವಾದ ಒಂದು ಬಿಂದು ಇಲ್ಲದಿದ್ದರೆ ಸಾಧನದ ಲೆಕ್ಕದಲ್ಲಿ ಅಲ್ಲಿ ಕೂಡುದಾರಿಯೇ ಇಲ್ಲ. ಎದುರಿಗೇ ಇರುವ ತಿರುವನ್ನು ಬಿಟ್ಟು ಬಲು ದೂರ ಸುತ್ತಿಸುತ್ತದೆ. ಕಣ್ಣಿಗೆ ಕಾಣದ ಆ ಒಂದು ಬಿಂದುವನ್ನು ಕೂಡಿಸುವುದು ಅರೆ ನಿಮಿಷದ ಕೆಲಸ. ಸಾಧನ ದಡ್ಡ ಎಂದು ಬೈಯುವ ಬದಲು ಆ ಬಿಂದುವನ್ನು ನೋಡಬೇಕು ಎಂಬುದು ನಾನು ಕಲಿತ ಪಾಠಗಳಲ್ಲಿ ಬಹಳ ಉಪಯೋಗಕ್ಕೆ ಬಂದದ್ದು. ಹೆಸರುಗಳ ವಿಷಯದಲ್ಲೂ ಇಂಥ ಎಚ್ಚರ ಬೇಕು. ಸಾಮಾನ್ಯ ಕೈಸಾಧನಗಳ ಪರದೆಯಲ್ಲಿ ಕನ್ನಡ ಲಿಪಿ ಮೂಡದ್ದರಿಂದ ಹುಡುಕಾಟವೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ. ಮಾನ್ವಿ, ಮಾನವಿ ಎರಡೂ ರೂಢಿಯಲ್ಲಿವೆ. ಒಂದನ್ನು ಮಾತ್ರ ಬರೆದರೆ ಇನ್ನೊಂದನ್ನು ಹುಡುಕಿದವರಿಗೆ ಊರು ಸಿಗದು.

ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಈ ಸಾಧನವೇಕೆ ಎಂಬುದು ನ್ಯಾಯವಾದ ಪ್ರಶ್ನೆ. ರಾಯಚೂರು ನಗರದೊಳಗೆ ಅಡ್ಡಾಡುವವರಿಗೆ ಖಂಡಿತ ಬೇಡ. ಆದರೆ ದಿನವಿಡೀ ಹೊಲ, ಹಳ್ಳ, ಕಾಲುವೆ ಸುತ್ತುವ ಕೆಲಸದವರ ಮಾತು ಬೇರೆ. ಗಾರ್ಮಿನ್‌ನ ಇಟ್ರೆಕ್ಸ್ 20, 30ರಂಥ ಸಾಧನ ಎರಡು ಎಎ ಸೆಲ್ ಮೇಲೆ ಸುಮಾರು 25 ತಾಸು ನಡೆಯುತ್ತದೆಂದು ತಯಾರಕರ ಲೆಕ್ಕ. ಸೆಲ್ ತೀರಿದರೆ ಊರ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ರಾಯಚೂರಿನ ಬಿಸಿಲಲ್ಲಿ ಮೊಬೈಲಿನ ಪರದೆ ಕಣ್ಣಿಗೆ ಹತ್ತುವುದಿಲ್ಲ. ಇದರ ಪರದೆ ಬಿಸಿಲು ಬಿದ್ದಷ್ಟೂ ಸ್ಪಷ್ಟ. ನೆಟ್‌ವರ್ಕ್‌ನ ಹಂಗಿಲ್ಲ. ಮೊಬೈಲೇ ಸಾಕೆನ್ನುವವರಿಗೂ ನನ್ನ ವಾದ ಅನ್ವಯಿಸುತ್ತದೆ. ಆಸ್ಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪ್‌ಗಳು ಇದೇ ನಕ್ಷೆಯನ್ನು ನೆಟ್ ಇಲ್ಲದೆ ತೋರಿಸುತ್ತವೆ, ತಿದ್ದಲೂ ಬಿಡುತ್ತವೆ.

ಯಾರು ಬೇಕಾದರೂ ತಿದ್ದಬಹುದಾದ ನಕ್ಷೆಯನ್ನು ನಂಬುವುದು ಹೇಗೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಕಣ್ಣುಮುಚ್ಚಿ ನಂಬಬಾರದು, ನಿಜ. ಆದರೆ ಇಲ್ಲಿ ಪ್ರತಿ ಗೆರೆಗೂ ಯಾರು, ಯಾವಾಗ ಬರೆದರು ಎಂಬ ಚರಿತ್ರೆ ಇರುತ್ತದೆ. ಕೆಡಿಸಿದ್ದನ್ನು ಹಿಂದಕ್ಕೆ ತರಬಹುದು. ಕಂಪನಿ ನಕ್ಷೆಯಲ್ಲಿ ತಪ್ಪಿದ್ದರೆ ದೂರು ಕಳಿಸಿ ಅವರು ಒಪ್ಪುವ ತನಕ ಕಾಯಬೇಕು. ಕಾನೂನಿನ ಅಳುಕು ಇದ್ದವರಿಗೂ ಉತ್ತರವಿದೆ. 2021ರ ಫೆಬ್ರುವರಿ 15ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ನಕ್ಷೆ ಮಾಡಲು ಮುಂಗಡ ಅನುಮತಿ ಬೇಕೆಂಬ ನಿಯಮವನ್ನು ತೆಗೆದುಹಾಕಿತು. ಸೂಕ್ಷ್ಮ ಸ್ಥಳಗಳ ವಿವರ ಬರೆಯಬಾರದು ಎಂಬ ಎಚ್ಚರ ಉಳಿದಿದೆ, ಉಳಿಯಲೂ ಬೇಕು. ಗೂಗಲ್ ನಕ್ಷೆಯಿಂದ ನೋಡಿ ಬರೆಯುವುದೂ ಸಲ್ಲದು. ಓಪನ್‌ಸ್ಟ್ರೀಟ್‌ಮ್ಯಾಪ್ ಅದನ್ನು ಒಪ್ಪುವುದಿಲ್ಲ. ಇನ್ನು ಹೊಲದ ಹದ್ದು, ಸರ್ವೆ ನಂಬರಿನ ತಕರಾರಿಗೆ ಈ ನಕ್ಷೆ ಉತ್ತರ ಕೊಡದು. ಸರ್ವೆ ನಂಬರು ತಿಳಿಯಲು ದಿಶಾಂಕ್ ಆ್ಯಪ್ ಇದೆ, ಹದ್ದು ಗುರುತಿಸಲು ಭೂಮಾಪಕರಿದ್ದಾರೆ. ನಾಲ್ಕೈದು ಮೀಟರ್ ಆಚೀಚೆ ತೋರುವ ಕೈಸಾಧನದಿಂದ ಬದುವಿನ ಜಗಳ ಬಗೆಹರಿಸಲು ಹೋದರೆ ಜಗಳ ಇನ್ನೊಂದು ಹೆಚ್ಚುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಹೋಗಿಬಂದ ದಾರಿಯ ಟ್ರ್ಯಾಕನ್ನು ಸಾಧನದಲ್ಲಿ ಉಳಿಸಿಕೊಂಡು ಉಪಗ್ರಹ ಚಿತ್ರದ ಜೊತೆ ತಾಳೆ ನೋಡಬೇಕು. ಊರವರು ಕರೆಯುವ ಹೆಸರನ್ನು ಊರವರನ್ನೇ ಕೇಳಿ ಬರೆಯಬೇಕು. ಕನ್ನಡ ಹೆಸರಿಗೆ ಅಲ್ಲಿ ಬೇರೆಯೇ ಖಾನೆ ಇದೆ, ಅದನ್ನೂ ತುಂಬಬೇಕು. ಮಳೆಗಾಲ ಮುಗಿದ ಮೇಲೆ ಹೊಸ ಕಡತ ಹಾಕಿಕೊಳ್ಳಬೇಕು. ಇದಕ್ಕೆ ಎಂಜಿನಿಯರಿಂಗ್ ಓದಬೇಕಿಲ್ಲ. ಆಶಾ ಕಾರ್ಯಕರ್ತೆ, ಅಂಚೆಯವರು, ಕಾಲುವೆ ನೀರು ಬಿಡುವ ನೌಕರ, ಕಾಲೇಜಿನ ಎನ್‌ಎಸ್‌ಎಸ್ ಹುಡುಗರು — ದೊಡ್ಡಿ, ತಾಂಡಾ, ಕ್ಯಾಂಪುಗಳ ದಾರಿ ಇವರಷ್ಟು ಬಲ್ಲವರು ಇನ್ನಾರೂ ಇಲ್ಲ. ಬೆಂಗಳೂರಿನ ಓಣಿಗಳನ್ನು ತಿದ್ದಲು ಅಲ್ಲಿ ಜನ ಸಾಕಷ್ಟಿದ್ದಾರೆ. ದೇವದುರ್ಗದ ದೊಡ್ಡಿಗೆ ರಾತ್ರಿ ಆಂಬುಲೆನ್ಸ್ ಸರಿಯಾದ ದಾರಿಯಲ್ಲಿ ಬರಬೇಕಾದರೆ ಆ ದಾರಿಯನ್ನು ನಾವೇ ಬರೆದಿಟ್ಟಿರಬೇಕು.