ಸ್ಕ್ರೂಗೆ ಕೈ ಹಾಕುವ ಮೊದಲು

ಹಳೆಯ ಪೆಟ್ರೋಲ್ ಗಾಡಿ ಸ್ಲೋ (ಐಡ್ಲಿಂಗ್) ನಿಲ್ಲದಿದ್ದರೆ ನಮ್ಮ ಮಲೆನಾಡಿನಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ‘ಕಾರ್ಬೊರೇಟರ್ ಟ್ಯೂನಿಂಗ್ ಮಾಡಿಸಿ ಮಾರಾಯ್ರೆ.’ ಬಾನೆಟ್ ಎತ್ತಿದವರೂ ಅಷ್ಟೇ, ಮೊದಲು ಕೈ ಹಾಕುವುದು ಮಿಕ್ಸ್ಚರ್ ಸ್ಕ್ರೂಗೆ. ಕಾಫಿ ಮೂಟೆ, ಗೊಬ್ಬರ, ನೀರಿನ ಪೈಪು ಹೊರುವ ನಮ್ಮ ತೋಟದ ಜೀಪನ್ನು ವರ್ಷಗಟ್ಟಲೆ ಓಡಿಸಿ, ಬೇರೆಯವರಿಂದ ರಿಪೇರಿ ಮಾಡಿಸಿ, ಆಮೇಲೆ ನಾನೇ ಪಾನ ಹಿಡಿದ ಮೇಲೆ ಖಾತ್ರಿಯಾದ ಸಂಗತಿಯೆಂದರೆ, ಆ ಸ್ಕ್ರೂ ಸರದಿಯ ಕಟ್ಟಕಡೆಗೆ ಬರಬೇಕು.

ನಮ್ಮದು ವಿಲ್ಲಿಸ್ ಸಿಜೆ-3ಬಿ ಮಾದರಿಯ ಜೀಪು. ಹಿಂದಿನ ಸೀಟು ಕಿತ್ತು ಲೋಡ್ ಬಾಡಿ ಕಟ್ಟಿಸಿದ್ದೇವೆ. ಒಳಗಿರುವುದು ‘ಹರಿಕೇನ್’ ಎಂಜಿನ್, ನಾಲ್ಕು ಸಿಲಿಂಡರ್, 2.2 ಲೀಟರ್. ಇದರಲ್ಲಿ ಇನ್‌ಲೆಟ್ ವಾಲ್ವ್‌ಗಳು ಹೆಡ್‌ನಲ್ಲಿವೆ, ಎಕ್ಸಾಸ್ಟ್ ವಾಲ್ವ್‌ಗಳು ಬ್ಲಾಕ್‌ನಲ್ಲಿವೆ. ಇನ್‌ಲೆಟ್ ಮ್ಯಾನಿಫೋಲ್ಡ್ ಬೇರೆಯಾಗಿಲ್ಲ, ಹೆಡ್ಡಿನ ಜೊತೆಗೇ ಎರಕ ಹೊಯ್ದದ್ದು. ಅದರ ಮೇಲೇ ಕಾರ್ಬೊರೇಟರ್ ಕೂರುತ್ತದೆ. ಹೀಗಾಗಿ ಕಳ್ಳಗಾಳಿ ಒಳನುಗ್ಗುವ ದಾರಿಗಳು ಕಡಿಮೆ. ಹುಡುಕುವವರಿಗೆ ಇದೊಂದು ಅನುಕೂಲ.

ಒಂದು ಮಳೆಗಾಲ ಕಳೆದ ಮೇಲೆ ಗಾಡಿಗೆ ಕಾಯಿಲೆ ಶುರುವಾಯಿತು. ತಣ್ಣಗಿದ್ದಾಗ ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತದೆ, ಏರಿನಲ್ಲಿ ಪಿಕಪ್ಪೂ ಇದೆ. ಆದರೆ ಎಂಜಿನ್ ಬಿಸಿಯಾಗಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದ ತಕ್ಷಣ ನಡುಗಿ ಆಫ್ ಆಗುತ್ತದೆ. ಲೋಡು ಹೇರಿಕೊಂಡು ಇಳಿಜಾರಿನ ತಿರುವಿನಲ್ಲಿ ಹೀಗಾದರೆ ಜೀವ ಬಾಯಿಗೆ ಬರುತ್ತದೆ.

ಚೋಕ್ ಅನ್ನು ಅರ್ಧ ಎಳೆದು ನೋಡುವುದು ಖರ್ಚಿಲ್ಲದ ಪರೀಕ್ಷೆ. ಆಗ ಎಂಜಿನ್ ಸರಿಯಾಗಿ ನಿಂತರೆ ಮಿಕ್ಸ್ಚರ್ ಬಡವಾಗಿದೆ ಎಂದರ್ಥ: ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಬೇಡದ ಗಾಳಿ ಸೇರುತ್ತಿದೆ. ಬದಲಿಗೆ ಇನ್ನಷ್ಟು ಮುಗ್ಗರಿಸಿ ಕಪ್ಪು ಹೊಗೆ ಬಿಟ್ಟರೆ ಪೆಟ್ರೋಲ್ ಹೆಚ್ಚಾಗಿದೆ. ಫ್ಲೋಟ್, ನೀಡಲ್ ವಾಲ್ವ್ ಕಡೆ ಹೋಗಬೇಕು. ನಮ್ಮ ಗಾಡಿ ಚೋಕ್ ಎಳೆದಾಗ ಸುಧಾರಿಸಿತು.

ಅಷ್ಟು ತಿಳಿದರೂ ನಮ್ಮೂರಿನ ಹಳೆಯ ಮೇಸ್ತ್ರಿ ಕಾರ್ಬೊರೇಟರ್ ಮುಟ್ಟಲು ಬಿಡಲಿಲ್ಲ. ‘ಕರೆಂಟ್ ನೋಡದೆ ಪೆಟ್ರೋಲ್ ನೋಡಬಾರದು ಸಾರ್’ ಅಂದರು. ಡೆಲ್ಕೊ (ಡಿಸ್ಟ್ರಿಬ್ಯೂಟರ್) ಮುಚ್ಚಳ ತೆಗೆದರೆ ಪಾಯಿಂಟ್‌ನ ಒಂದು ಮುಖ ಗುಳಿ ಬಿದ್ದಿತ್ತು, ಇನ್ನೊಂದರ ಮೇಲೆ ಗಂಟು ಕಟ್ಟಿತ್ತು. ಇದು ಸಾಮಾನ್ಯವಾಗಿ ಕಂಡೆನ್ಸರ್ ಹೋಗಿರುವ ಗುರುತು. ಎರಡನ್ನೂ ಬದಲಿಸಿ, ಫೀಲರ್ ಗೇಜ್ ಇಟ್ಟು ಪಾಯಿಂಟ್ ಗ್ಯಾಪ್ 20 ಥೌ, ಅಂದರೆ 0.5 ಮಿ.ಮೀ., ಪ್ಲಗ್ ಗ್ಯಾಪ್ 30 ಥೌ ಮಾಡಿದೆವು. ಪ್ಲಗ್‌ಗಳ ತುದಿ ಬೆಳ್ಳಗಿತ್ತು. ಹದವಾಗಿ ಉರಿಯುವ ಎಂಜಿನ್ನಿನಲ್ಲಿ ಅದು ಹುರಿದ ಕಾಫಿ ಪುಡಿಯಂತೆ ಕಂದಾಗಿರಬೇಕು. ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು, ಬಿಳುಪಾಗಿದ್ದರೆ ಕಡಿಮೆ. ಆಮೇಲೆ ಟ್ಯಾಪೆಟ್: ತಣ್ಣಗಿರುವಾಗ ಇನ್‌ಲೆಟ್‌ಗೆ 18 ಥೌ, ಎಕ್ಸಾಸ್ಟ್‌ಗೆ 16. ಇಷ್ಟಾದ ಮೇಲೆ ಮಿಸ್ಸಿಂಗ್ ನಿಂತಿತು, ಆದರೆ ಸ್ಲೋ ಇನ್ನೂ ನಿಲ್ಲಲಿಲ್ಲ.

ಈಗ ಗಾಳಿಯ ಸರದಿ. ಇಲ್ಲಿ ಬಹಳ ನೆರವಾದದ್ದು ವ್ಯಾಕ್ಯೂಮ್ ಗೇಜ್. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಸ್ಲೋನಲ್ಲಿ 17ರಿಂದ 21 ಇಂಚು ತೋರಿಸುತ್ತದೆ. ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುತ್ತದೆ. ನಮ್ಮ ತೋಟ 3,000 ಅಡಿಗೂ ಮೇಲಿದೆ. ಮಂಗಳೂರಿನಲ್ಲಿ 18 ತೋರಿಸುವ ಎಂಜಿನ್ ಇಲ್ಲಿ 15 ತೋರಿಸಿದರೆ ಗಾಬರಿಯಾಗಬೇಕಿಲ್ಲ. ಮುಳ್ಳು ಅಲುಗದೆ ತೀರಾ ಕೆಳಗೆ ನಿಂತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಟೈಮಿಂಗ್ ಹಿಂದಿದೆ. ಒಂದೇ ಲಯದಲ್ಲಿ ಮತ್ತೆ ಮತ್ತೆ ಕುಸಿದರೆ ಯಾವುದೋ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ನಮ್ಮ ಮುಳ್ಳು ಕೆಳಗೆ, ಆದರೆ ಸ್ಥಿರವಾಗಿ ನಿಂತಿತ್ತು.

ಈ ಎಂಜಿನ್ನಿನಲ್ಲಿ ಗಾಳಿ ಕಳ್ಳತನಕ್ಕೆ ಮುಖ್ಯವಾಗಿ ನಾಲ್ಕು ಜಾಗ: ಕಾರ್ಬೊರೇಟರ್ ಅಡಿಯ ಪ್ಯಾಕಿಂಗ್, ವೈಪರ್ ಪೈಪು, ಕ್ರ್ಯಾಂಕ್‌ಕೇಸಿನ ಆವಿ ಎಳೆಯುವ ಪುಟ್ಟ ವಾಲ್ವ್ ಮತ್ತು ಥ್ರಾಟಲ್ ಶಾಫ್ಟ್. ನಮ್ಮ ಜೀಪಿನ ವೈಪರ್ ಓಡುವುದು ಎಂಜಿನ್ನಿನ ವ್ಯಾಕ್ಯೂಮ್‌ನಿಂದ. ಅದರ ರಬ್ಬರ್ ಪೈಪನ್ನು ಬುಡದಲ್ಲಿ ಬೆರಳಿನಿಂದ ಹಿಸುಕಿ ಹಿಡಿದರೆ ಎಂಜಿನ್ ಸ್ವಲ್ಪ ಚುರುಕಾಯಿತು. ಪೈಪು ಬಿಚ್ಚಿ ಬಗ್ಗಿಸಿದರೆ ಡ್ಯಾಶ್‌ಬೋರ್ಡಿನ ಹಿಂದಿನ ತಿರುವಿನಲ್ಲಿ ಉದ್ದಕ್ಕೆ ಸೀಳು. ಮಳೆಗಾಲವಿಡೀ ವೈಪರ್ ಸೋಮಾರಿಯಾಗಿದ್ದ ಗುಟ್ಟೂ ಆಗ ತಿಳಿಯಿತು.

ಅದಷ್ಟೇ ಸಾಲಲಿಲ್ಲ. ಸೋರಿಕೆ ಹುಡುಕಲು ಕೆಲವರು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸುತ್ತಾರೆ. ಅದು ಬೆಂಕಿಗೆ ಆಹ್ವಾನ, ದಯವಿಟ್ಟು ಬೇಡ. ಮೇಸ್ತ್ರಿ ಮಾಡಿದ್ದು ಇಷ್ಟೇ: ಥ್ರಾಟಲ್ ಶಾಫ್ಟ್ ಕಾರ್ಬೊರೇಟರ್ ಮೈಯಿಂದ ಹೊರಬರುವ ಎರಡೂ ತುದಿಗೆ ಒಂದೊಂದು ಹನಿ ದಪ್ಪ ಎಂಜಿನ್ ಆಯಿಲ್ ಬಿಟ್ಟರು. ಆಯಿಲ್ ಒಳಗೆ ಎಳೆದುಕೊಳ್ಳುತ್ತಿದ್ದಂತೆ ನಡುಕ ನಿಂತು ಸದ್ದು ಸಮವಾಯಿತು. ಸ್ವಲ್ಪ ಹೊತ್ತಿಗೆ ಆಯಿಲ್ ಕರಗಿ ನಡುಕ ಮರಳಿತು. ಶಾಫ್ಟ್ ಹಿಡಿದು ಅಲ್ಲಾಡಿಸಿದರೆ ಆಟ ಕೈಗೇ ತಿಳಿಯುತ್ತಿತ್ತು. ಹೀಗೆ ಸವೆದ ಕಾರ್ಬೊರೇಟರಿಗೆ ಎಷ್ಟು ಟ್ಯೂನಿಂಗ್ ಮಾಡಿದರೂ ನಿಲ್ಲುವುದಿಲ್ಲ, ಏಕೆಂದರೆ ಪ್ರತಿ ಸಲವೂ ಥ್ರಾಟಲ್ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಲೇತ್ ಅಂಗಡಿಯಲ್ಲಿ ಹೊಸ ಬುಷ್ ಹಾಕಿಸಿದೆವು.

ಕಾರ್ಬೊರೇಟರ್ ಹೇಗೂ ಕೆಳಗಿಳಿದಿತ್ತಲ್ಲ, ಒಳಗನ್ನೂ ನೋಡಿದೆವು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ ಅಂಟಾಗುತ್ತದೆ. ಅದು ಮೊದಲು ಕಟ್ಟುವುದು ಸ್ಲೋ ಜೆಟ್‌ನ ಸಣ್ಣ ತೂತನ್ನು. ಪಿಕಪ್ ಇದ್ದರೂ ಸ್ಲೋ ನಿಲ್ಲದಿರಲು ಇದೂ ಒಂದು ಕಾರಣ. ಜೆಟ್ಟಿಗೆ ತಂತಿ ಚುಚ್ಚಬಾರದು, ತೂತು ದೊಡ್ಡದಾದರೆ ಲೆಕ್ಕವೇ ತಪ್ಪುತ್ತದೆ. ನೆನೆಹಾಕಿ, ಗಾಳಿಯಿಂದ ಊದಬೇಕು. ಹಿತ್ತಾಳೆಯ ಫ್ಲೋಟನ್ನು ಬಿಸಿ ನೀರಿನಲ್ಲಿ ಮುಳುಗಿಸಿದರೆ ತೂತಿದ್ದಲ್ಲಿ ಗುಳ್ಳೆ ಏಳುತ್ತದೆ. ಪೆಟ್ರೋಲ್ ಎಳೆಯುವ ಎ.ಸಿ. ಪಂಪಿನ ಗಾಜಿನ ಬಟ್ಟಲಿನ ತಳದಲ್ಲಿ ನೀರು ಬೇರೆಯಾಗಿ ನಿಂತಿತ್ತು.

ನೀರಿನ ವಿಚಾರ ಈಗ ಇನ್ನೂ ಮುಖ್ಯ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು; ಇಂದು ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪು ಮತ್ತು ಪಂಪಿನ ಡಯಾಫ್ರಂಗಳನ್ನು ಮೆತ್ತಗಾಗಿಸುತ್ತದೆ, ಮಿಕ್ಸ್ಚರನ್ನೂ ತುಸು ಬಡವಾಗಿಸುತ್ತದೆ. ಎಥನಾಲ್ ತಡೆಯುವ ಪೈಪು ಹಾಕಿಸುವುದು, ಗಾಡಿ ನಿಲ್ಲಿಸುವ ಮೊದಲು ಫ್ಲೋಟ್ ಬಟ್ಟಲು ಖಾಲಿಯಾಗುವವರೆಗೆ ಓಡಿಸುವುದು ಈಗ ನಮ್ಮ ಮಳೆಗಾಲದ ಕ್ರಮ.

ಕೊನೆಗೂ ಸ್ಕ್ರೂ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಚೋಕ್ ಪೂರ್ತಿ ಬಿಟ್ಟಿರಬೇಕು, ಗಾಡಿ ಬಯಲಿನಲ್ಲಿರಬೇಕು. ಮುಚ್ಚಿದ ಶೆಡ್ಡಿನಲ್ಲಿ ಹೊಗೆ ಪ್ರಾಣಕ್ಕೆ ಕುತ್ತು. ಎಂಜಿನ್ ಆಫ್ ಮಾಡಿ ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ ಸ್ಟಾರ್ಟ್ ಮಾಡಿ. ಬಿಗಿದರೆ ಅದರ ಮೊನೆಗೆ ಕಚ್ಚು ಬೀಳುತ್ತದೆ. ಆಮೇಲೆ ಎಂಜಿನ್ ಅತಿ ವೇಗವಾಗಿ, ಸಮವಾಗಿ ಓಡುವ ಜಾಗಕ್ಕೆ ತಂದು, ಸ್ಪೀಡ್ ಸ್ಕ್ರೂನಿಂದ ಸುಮಾರು 600 ಆರ್‌ಪಿಎಂಗೆ ಇಳಿಸಿ, ಇಡೀ ಕ್ರಮ ಇನ್ನೊಮ್ಮೆ ಮಾಡಿ. ಮಿಕ್ಸ್ಚರ್ ಸ್ಕ್ರೂ ಪೂರ್ತಿ ಮುಚ್ಚಿದರೂ ಎಂಜಿನ್ನಿನಲ್ಲಿ ವ್ಯತ್ಯಾಸ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ. ಥ್ರಾಟಲ್ ಅತಿಯಾಗಿ ತೆರೆದಿದೆ ಅಥವಾ ಪೆಟ್ರೋಲ್ ಬೇರೆ ದಾರಿಯಿಂದ ಇಳಿಯುತ್ತಿದೆ ಎಂದರ್ಥ.

ಇದೇ ಕಾಯಿಲೆಗೆ ಹೊಸ ಕಾರ್ಬೊರೇಟರ್ ಕೊಂಡವರನ್ನು ಬಹಳ ಮಂದಿ ಕಂಡಿದ್ದೇನೆ. ಅವರಲ್ಲಿ ಕೆಲವರ ಗಾಡಿ ಇಂದಿಗೂ ಚೋಕ್ ಎಳೆದುಕೊಂಡೇ ಓಡುತ್ತಿದೆ. ನಿಮ್ಮ ಗಾಡಿಯೂ ಸ್ಲೋ ನಿಲ್ಲದಿದ್ದರೆ ಕರೆಂಟ್, ಟ್ಯಾಪೆಟ್, ಗಾಳಿ, ಪೆಟ್ರೋಲ್ ಈ ಕ್ರಮದಲ್ಲೇ ಹೋಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ. ಇಷ್ಟೆಲ್ಲ ಆದ ಮೇಲೂ ನಿಲ್ಲದಿದ್ದರೆ ಮಾತ್ರ ಹೊಸ ಕಾರ್ಬೊರೇಟರಿಗೆ ದುಡ್ಡು ಬಿಚ್ಚಿ.