ಸೂಜಿಯ ಬಲ, ಶಾಲಿನ ಗೌರವ

ಕಳೆದ ತಿಂಗಳು ಒಂದು ಸಂಜೆ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಕಂಪ್ಲಿ ಕಡೆಯ ಹಳ್ಳಿಯೊಂದರ ನಾಲ್ವರು ಹಿರಿಯರು ಬಂದರು. ಯಾರಿಗೂ ಕಾಯಿಲೆ ಇರಲಿಲ್ಲ. ದೇಹದಾರ್ಢ್ಯ ಸ್ಪರ್ಧೆಯಲ್ಲಿ ಗೆದ್ದು ಬಂದ ತಮ್ಮೂರ ಹುಡುಗನಿಗೆ ಜಾತ್ರೆಯಲ್ಲಿ ಸನ್ಮಾನ ಮಾಡಬೇಕೆಂದಿದ್ದರು. ಆದರೆ ಸಮಿತಿಯಲ್ಲೇ ಎರಡು ಪಂಗಡ. "ಡಾಕ್ಟ್ರೆ, ಅವ್ನು ನಿಮ್ಮತ್ರ ತೋರಿಸ್ಕಳಾಕ ಬರ್ತಿದ್ನಲ್ರಿ. ಸೂಜಿಗೀಜಿ ತಗಂಡು ಮೈ ಬೆಳೆಸ್ಯಾನೇನು? ನೀವು ಇಲ್ಲ ಅಂದ್ರ ಶಾಲು ಹೊದಸ್ತೀವಿ, ಹೌದು ಅಂದ್ರ ಬಿಡ್ತೀವಿ" ಎಂದರು.

ನಾನು ಎರಡನ್ನೂ ಅನ್ನಲಿಲ್ಲ. ರೋಗಿ ವೈದ್ಯನಿಗೆ ಹೇಳಿದ್ದು ಆ ಕೋಣೆಯಲ್ಲೇ ಉಳಿಯಬೇಕು. "ಇಲ್ಲ ಎನ್ನುವುದಕ್ಕೇನು ಅಡ್ಡಿ?" ಎಂದು ನೀವು ಕೇಳಬಹುದು. ಇಂದು ಒಬ್ಬನ ವಿಷಯದಲ್ಲಿ ಇಲ್ಲ ಎಂದು ಹೇಳಿ, ನಾಳೆ ಇನ್ನೊಬ್ಬನ ವಿಷಯದಲ್ಲಿ ಸುಮ್ಮನಿದ್ದರೆ ಆ ಮೌನವೇ ಉತ್ತರವಾಗಿಬಿಡುತ್ತದೆ. ಹಿರಿಯರು ಸ್ವಲ್ಪ ಬೇಸರದಿಂದಲೇ ಎದ್ದು ಹೋದರು. ಆದರೆ ಅವರ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊದಲು ಈ ವಸ್ತು ಏನೆಂದು ತಿಳಿಯೋಣ. ಸ್ಟೆರಾಯ್ಡ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಔಷಧಿಗಳು ಓಡಾಡುತ್ತವೆ. ಉಬ್ಬಸ, ಚರ್ಮರೋಗ, ಕೀಲುವಾತಗಳಿಗೆ ನಾವು ಕೊಡುವ ಪ್ರೆಡ್ನಿಸೊಲೋನ್ ಜಾತಿಯದು ಒಂದು. ಅದು ಸ್ನಾಯು ಬೆಳೆಸುವುದಿಲ್ಲ. ಹೆಚ್ಚು ದಿನ ನುಂಗಿದರೆ ಸ್ನಾಯುವನ್ನು ಸೊರಗಿಸುತ್ತದೆ. ಗಂಡಸಿನ ವೃಷಣಗಳಲ್ಲಿ ಉತ್ಪತ್ತಿಯಾಗುವ ಟೆಸ್ಟೊಸ್ಟೀರಾನ್ ಮತ್ತು ಅದನ್ನು ಹೋಲುವ ಕೃತಕ ರಸಗಳು ಇನ್ನೊಂದು. ಇವೇ ಅನಬಾಲಿಕ್ ಸ್ಟೆರಾಯ್ಡ್‌ಗಳು. ಆದ್ದರಿಂದ ಉಬ್ಬಸಕ್ಕೆ ಇನ್‌ಹೇಲರ್ ಸೇದುವವರು ಈ ಲೇಖನ ಓದಿ ಅದನ್ನು ಬಿಟ್ಟುಬಿಡಬೇಡಿ. ಹಿಂದೊಮ್ಮೆ ಇಂಥ ಲೇಖನ ಓದಿ ಔಷಧ ನಿಲ್ಲಿಸಿದ ಸಂಡೂರಿನ ಹೆಣ್ಣುಮಗಳೊಬ್ಬರನ್ನು ನಡುರಾತ್ರಿ ಆಕ್ಸಿಜನ್ ಹಾಕಿ ಉಳಿಸಬೇಕಾಯಿತು.

ಅನಬಾಲಿಕ್ ಸ್ಟೆರಾಯ್ಡ್ ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಅದನ್ನು ಮುಚ್ಚಿಟ್ಟು ಹೆದರಿಸಿದರೆ ಹುಡುಗರು ನಮ್ಮ ಮಾತು ನಂಬುವುದಿಲ್ಲ. ಭಾರತ ಮೂಲದ ವೈದ್ಯ ಶಲೇಂದರ್ ಭಾಸಿನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 1996ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹತ್ತು ವಾರ ಬರೀ ವ್ಯಾಯಾಮ ಮಾಡಿದವರ ಮೈಯಲ್ಲಿ ಕೊಬ್ಬು ಬಿಟ್ಟು ಉಳಿದ ತೂಕ ಸುಮಾರು 2 ಕಿಲೊ ಏರಿತು. ವ್ಯಾಯಾಮವನ್ನೇ ಮಾಡದೆ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೊಸ್ಟೀರಾನ್ ಚುಚ್ಚಿಸಿಕೊಂಡವರಲ್ಲಿ ಸುಮಾರು 3 ಕಿಲೊ, ಎರಡನ್ನೂ ಮಾಡಿದವರಲ್ಲಿ 6 ಕಿಲೊ. ಅಂದರೆ ಬೆವರು ಸುರಿಸಿದವನಿಗಿಂತ ಕುರ್ಚಿಯಲ್ಲಿ ಕುಳಿತವನೇ ಮುಂದೆ! ಗರಡಿಯಲ್ಲಿ ಮಣ್ಣು ಹೊತ್ತು ತಾಲೀಮು ಮಾಡುವ ಬಡವರ ಮಗನಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆ ಬೇಕೆ?

ನಮ್ಮ ನೆಲಕ್ಕೆ ಬಲದ ಹುಚ್ಚು ಹೊಸದಲ್ಲ. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯ ಬೆಳಗಾಗುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಹಚ್ಚಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಹರಿಯುವವರೆಗೆ ಕತ್ತಿ ತಿರುವಿ, ಆಮೇಲೆ ಜಟ್ಟಿಯೊಬ್ಬನೊಡನೆ ಕುಸ್ತಿ ಆಡುತ್ತಿದ್ದನೆಂದು ಬರೆದಿದ್ದಾನೆ. ಎಣ್ಣೆ ಕುಡಿಯಿರಿ ಎಂದು ನಾನು ಸಲಹೆ ಮಾಡುತ್ತಿಲ್ಲ. ರಾಯನ ಹೊಟ್ಟೆಯೇ ಬೇರೆ, ನಮ್ಮ ಹೊಟ್ಟೆಯೇ ಬೇರೆ.

ಈಗ ಕೆಡುಕಿನ ಮಾತು. ಹೊರಗಿನಿಂದ ರಸ ಬರುತ್ತಿದೆ ಎಂದಾಗ ಮೆದುಳು ವೃಷಣಗಳಿಗೆ ಕೆಲಸ ನಿಲ್ಲಿಸುವಂತೆ ಸೂಚನೆ ಕೊಡುತ್ತದೆ. ಅವು ಕುಗ್ಗುತ್ತವೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ಹೆಚ್ಚಾದ ಟೆಸ್ಟೊಸ್ಟೀರಾನ್‌ನ ಒಂದು ಭಾಗ ಹೆಣ್ಣಿನ ರಸವಾದ ಈಸ್ಟ್ರೊಜೆನ್ ಆಗಿ ಮಾರ್ಪಟ್ಟು, ಗಂಡಸಿಗೆ ಸ್ತನ ಬೆಳೆಯುತ್ತದೆ. ನುಂಗುವ ಗುಳಿಗೆಗಳಲ್ಲಿ ಹೆಚ್ಚಿನವು ಪಿತ್ತಜನಕಾಂಗಕ್ಕೆ ಪೆಟ್ಟು ಕೊಡುತ್ತವೆ. ರಕ್ತದೊತ್ತಡ ಏರುತ್ತದೆ, ಒಳ್ಳೆಯ ಕೊಲೆಸ್ಟೆರಾಲ್ ಇಳಿಯುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಇನ್ನೂ ಎತ್ತರ ಬೆಳೆಯುತ್ತಿರುವ ಹುಡುಗರಲ್ಲಿ ಮೂಳೆಯ ತುದಿಗಳು ಬೇಗ ಕೂಡಿಕೊಂಡು ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಹೆಣ್ಣುಮಕ್ಕಳಲ್ಲಿ ದನಿ ಗಡಸಾದರೆ ಅದು ಬಹುಮಟ್ಟಿಗೆ ಮತ್ತೆ ಸರಿಹೋಗುವುದಿಲ್ಲ. ಒಂದೇ ಸೂಜಿಯನ್ನು ಇಬ್ಬರು ಮೂವರು ಹಂಚಿಕೊಂಡರಂತೂ ಏಡ್ಸ್ ಮತ್ತು ಕಾಮಾಲೆಯ ವೈರಸ್‌ಗಳಿಗೆ ಬಾಗಿಲು ತೆರೆದಂತೆ.

ಹತ್ತೊಂಬತ್ತು ವರ್ಷದ ಹುಡುಗನೊಬ್ಬನ ಕಥೆಯನ್ನು ಅವನ ಒಪ್ಪಿಗೆ ಪಡೆದು ಹೇಳುತ್ತೇನೆ. (ಮೇಲೆ ಹೇಳಿದ ಹಳ್ಳಿಯವನಲ್ಲ, ಗುಟ್ಟು ಬಿಟ್ಟೆನೆಂದು ಊಹಿಸಬೇಡಿ.) ಅದಿರು ಲಾರಿಯ ಡ್ರೈವರ್‌ನ ಮಗ. ಬೇಸಿಗೆಯ ಬಿಸಿಲಿನಲ್ಲೂ ಮೇಲೊಂದು ದಪ್ಪ ಅಂಗಿ ತೊಟ್ಟು ಬಂದಿದ್ದ. ತಾಯಿಯನ್ನು ಹೊರಗೆ ಕಳಿಸಿದ ಮೇಲೆ ಅಂಗಿ ಬಿಚ್ಚಿದ; ಎದೆಯ ಎರಡೂ ಕಡೆ ಗಂಟು, ಬೆನ್ನ ತುಂಬ ಮೊಡವೆ. ವ್ಯಾಯಾಮ ಕಲಿಸುವಾತ "ಪ್ರೋಟೀನ್ ಗುಳಿಗೆ" ಎಂದು ಕೊಟ್ಟಿದ್ದನ್ನು ಎಂಟು ತಿಂಗಳು ನುಂಗಿದ್ದ. ಚೀಟಿಯಲ್ಲಿದ್ದದ್ದು ಮೆಥಾಂಡೈನೋನ್, 1958ರಲ್ಲಿ ಡಯಾನಬಾಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಹಳೆಯ ಮಾಲು.

ಇದೇ ಮೆಥಾಂಡೈನೋನ್ ನಮ್ಮ ನಾಡಿನ ಒಬ್ಬ ಹೆಸರಾಂತ ಓಟಗಾರ್ತಿಯ ಬದುಕಿನಲ್ಲೂ ಬಂತು. ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ಮರುವರ್ಷದ ಪರೀಕ್ಷೆಯಲ್ಲಿ ಅವರೂ ಸಂಗಡಿಗರೂ ಸಿಕ್ಕಿಬಿದ್ದರು. ತರಬೇತುದಾರ ಕೊಟ್ಟ ಜಿನ್‌ಸೆಂಗ್ ಬೇರಿನ ಗುಳಿಗೆಯಲ್ಲಿ ಅದು ಬೆರೆತಿತ್ತು, ತಮಗೆ ತಿಳಿಯದು ಎಂಬುದು ಅವರ ವಾದ. ದೇಶದ ಶಿಸ್ತು ಸಮಿತಿ ಒಂದು ವರ್ಷ ನಿಷೇಧಿಸಿತು. 2012ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಮೈಯೊಳಗೆ ಏನು ಸಿಕ್ಕರೂ ಕ್ರೀಡಾಪಟುವೇ ಹೊಣೆ ಎಂಬುದು ಅಲ್ಲಿನ ನಿಯಮ. 2010ರ ಪದಕಗಳನ್ನು ಮಾತ್ರ ಯಾರೂ ಕಿತ್ತುಕೊಳ್ಳಲಿಲ್ಲ, ಏಕೆಂದರೆ ಸಿಕ್ಕ ದೋಷ ಆ ಓಟಗಳದ್ದಲ್ಲ. ಇದು ನನಗೆ ಸರಿಯೆಂದೇ ತೋರುತ್ತದೆ. ಆ ನಂತರದ ಪಿಸುಮಾತನ್ನು ಹಿಂದಕ್ಕೆ ಎಳೆದು ಗೆದ್ದ ಓಟಕ್ಕೆ ಮಸಿ ಬಳಿಯುವುದು ನ್ಯಾಯವಲ್ಲ.

ಇನ್ನೊಂದು ಪ್ರಕರಣ ನೋಡಿ. ಬಾಕ್ಸರ್ ಅಮಿತ್ ಪಂಘಲ್ 2012ರಲ್ಲಿ, ಹದಿಹರೆಯದಲ್ಲಿ, ಸಿಡುಬಿನಂಥ ಅಮ್ಮ ಎದ್ದಾಗ ತೆಗೆದುಕೊಂಡ ಔಷಧದಿಂದ ಸ್ಟೆರಾಯ್ಡ್ ಮೈಸೇರಿ ಒಂದು ವರ್ಷ ನಿಷೇಧಕ್ಕೊಳಗಾದರು. 2018ರಲ್ಲಿ ಏಷ್ಯನ್ ಚಿನ್ನ ಗೆದ್ದರೂ ಆ ಹಳೆಯ ಕಲೆಯ ಕಾರಣಕ್ಕೆ ಅರ್ಜುನ ಪ್ರಶಸ್ತಿ ದಕ್ಕಲಿಲ್ಲ. 2021ರಲ್ಲಿ ನಿಯಮ ಸಡಿಲವಾಯಿತು. ಶಿಕ್ಷೆ ಮುಗಿಸಿದವರನ್ನೂ ಪರಿಗಣಿಸಬಹುದೆಂದಾಯಿತು. ವೈದ್ಯನಾಗಿ ನನಗೆ ಇಲ್ಲೊಂದು ಅನುಮಾನ ಉಂಟು. ಓಸ್ಲೋ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಟೆಸ್ಟೊಸ್ಟೀರಾನ್ ನಿಲ್ಲಿಸಿ ಮೂರು ತಿಂಗಳಾದ ಮೇಲೂ ಇಲಿಗಳ ಸ್ನಾಯುಕೋಶಗಳಲ್ಲಿ ಹೆಚ್ಚಾದ ಕೋಶಕೇಂದ್ರಗಳು ಹಾಗೆಯೇ ಉಳಿದಿದ್ದವು. ಮತ್ತೆ ಭಾರ ಬಿದ್ದಾಗ ಆ ಸ್ನಾಯು ಬೇಗ ಬೆಳೆಯಿತು. ಮನುಷ್ಯರಲ್ಲೂ ಹೀಗೆಯೇ ಆದರೆ ನಿಷೇಧ ಮುಗಿದರೂ ಲಾಭ ಮುಗಿದಿರುವುದಿಲ್ಲ. ಹಾಗಿದ್ದರೂ ತಿಳಿಯದೆ ಒಮ್ಮೆ ಎಡವಿದ ಹುಡುಗನನ್ನೂ ವರ್ಷಗಟ್ಟಲೆ ಲೆಕ್ಕ ಹಾಕಿ ಚುಚ್ಚಿಸಿಕೊಂಡವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪದು.

ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟದ ಮಹಾನ್ ಆಟಗಾರರಿಗೆ ಒಂದು ಗೌರವ ಭವನವಿದೆ. 762 ಹೋಮ್ ರನ್ ಹೊಡೆದ ಬ್ಯಾರಿ ಬಾಂಡ್ಸ್ ಹೆಸರು ಹತ್ತು ವರ್ಷ ಪತ್ರಕರ್ತರ ಮತಕ್ಕೆ ಬಂದು, 2022ರಲ್ಲಿ ಕೊನೆಯ ಸಲವೂ ಬೇಕಾದ ನೂರಕ್ಕೆ 75 ಮತ ಸಿಗದೆ ಹೊರಗುಳಿಯಿತು. ಕಾರಣ ಸ್ಟೆರಾಯ್ಡ್ ಸಂಶಯ. ಅಲ್ಲಿ ಶಿಕ್ಷೆಯ ಸಹಿತ ಪರೀಕ್ಷೆ ಶುರುವಾದದ್ದೇ 2004ರಲ್ಲಿ. ಪರೀಕ್ಷೆ ಮಾಡಬೇಕಾದ ಕಾಲದಲ್ಲಿ ಕಣ್ಣು ಮುಚ್ಚಿ, ಟಿಕೇಟು ಮಾರಿ, ಆಮೇಲೆ ಆಟಗಾರನೊಬ್ಬನನ್ನೇ ಬಾಗಿಲಲ್ಲಿ ನಿಲ್ಲಿಸಿದರು.

ನಮ್ಮಲ್ಲೂ ಅದೇ. ಈ ಔಷಧಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಆದರೂ ಹುಡುಗರ ಕೈಗೆ ಸಿಗುತ್ತಿವೆ. ನನ್ನ ವೃತ್ತಿಯವರೂ ಹೊರತಲ್ಲ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳಲ್ಲಿ ಹಿರಿಯ ವೈದ್ಯರೊಬ್ಬರು ಮೈ ಹಿಡಿಯಲೆಂದು ಬಡಕಲು ಹುಡುಗರಿಗೆ ನ್ಯಾಂಡ್ರೊಲೋನ್ ಇಂಜೆಕ್ಷನ್ ಬರೆಯುತ್ತಿದ್ದರು. ಚುಚ್ಚುತ್ತಿದ್ದವನು ನಾನು. ಏಕೆಂದು ಕೇಳಲಿಲ್ಲ.

ನಿಮ್ಮ ಮನೆಯ ಹುಡುಗ ಮೂರು ತಿಂಗಳಲ್ಲಿ ಅಂಗಿ ಹರಿಯುವಂತೆ ಬೆಳೆದರೆ, ಬೆನ್ನ ಮೇಲೆ ಒಮ್ಮೆಲೇ ಮೊಡವೆ ಎದ್ದರೆ, ಸಣ್ಣ ಮಾತಿಗೂ ಸಿಡುಕಿದರೆ, ಬೈಯದೆ ಕರೆತನ್ನಿ. ತಾನೇ ನಿಲ್ಲಿಸಿ ಮನೆಯಲ್ಲಿ ಕುಳಿತರೆ ತಿಂಗಳುಗಟ್ಟಲೆ ನಿಶ್ಶಕ್ತಿ, ಖಿನ್ನತೆ ಬರಬಹುದು. ಆಗಲೇ ಹಲವರು ಮತ್ತೆ ಸೂಜಿಗೆ ಮರಳುವುದು. ರಕ್ತದೊತ್ತಡ, ಪಿತ್ತಜನಕಾಂಗ, ಕೊಲೆಸ್ಟೆರಾಲ್, ಹೃದಯದ ಪರೀಕ್ಷೆ ಮಾಡಿಸಿ, ವೈದ್ಯರ ನಿಗಾದಲ್ಲಿ ಬಿಡಿಸಬೇಕು. ಮೈ ಬೆಳೆಯಲು ಶೇಂಗಾ, ಕಡಲೆ, ಹೆಸರುಕಾಳು, ಮೊಟ್ಟೆ, ಹಾಲು, ರೊಟ್ಟಿ, ಒಳ್ಳೆಯ ನಿದ್ರೆ ಸಾಕು. ನಿಧಾನ, ಆದರೆ ಬೆಳೆಯುತ್ತದೆ. ಲಾರಿ ಡ್ರೈವರ್‌ನ ಮಗನಿಗೆ ಪಿತ್ತಜನಕಾಂಗ ಸರಿಹೋಗಿದೆ. ಎದೆಯ ಗಂಟು ಕರಗಲಿಲ್ಲ, ಶಸ್ತ್ರಚಿಕಿತ್ಸೆ ಆಗಬೇಕಿದೆ.

ಹಿರಿಯರು ಎದ್ದು ಹೋಗುವಾಗ ಬಾಗಿಲ ತನಕ ಹೋಗಿ ನಾನೊಂದು ಮಾತು ಹೇಳಿದ್ದೆ: ಅನುಮಾನವಿದ್ದರೆ ಮರೆಯಲ್ಲಿ ನನ್ನನ್ನು ಕೇಳಬೇಡಿ, ಎದುರಿಗೆ ಕೂರಿಸಿ ಅವನನ್ನೇ ಕೇಳಿ, ಕೊಟ್ಟವರು ಯಾರೆಂದೂ ಕೇಳಿ. ಸನ್ಮಾನವೇನೋ ನಡೆಯಿತಂತೆ. ನನಗೂ ಆಮಂತ್ರಣ ಪತ್ರಿಕೆ ಬಂದಿತ್ತು. ಅವನನ್ನು ಕೇಳಿದರೋ ಇಲ್ಲವೋ ಅದರಲ್ಲಿ ಬರೆದಿರಲಿಲ್ಲ.